ಮೊಣಕೈ ಮತ್ತು ಮೂರು ಅಡಿ

— ಅಂದರೆ ಮೇಯರ್ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಳ್ಳುವವರೆಗೂ ಸೈಕಲ್ ಸವಾರರಿಗೆ ಮೂರಡಿ ಬಿಡುವ ಕಾನೂನು ಬರಲಿಲ್ಲ ಅನ್ನು.

— ಬಿದ್ದದ್ದು ನಿಜ ಸರ್. 2010ರ ಜುಲೈ, ಒಂದು ಶನಿವಾರ ಸಂಜೆ. ಲಾಸ್ ಏಂಜಲೀಸ್‌ನ ಮೇಯರ್ ಆಂಟೋನಿಯೊ ವಿಯರೈಗೋಸಾ ವೆನಿಸ್ ಬುಲೆವಾರ್ಡ್‌ನಲ್ಲಿ ಸೈಕಲ್ ತುಳಿಯುತ್ತ ಹೋಗುತ್ತಿದ್ದರು. ಟ್ಯಾಕ್ಸಿಯೊಂದು ಇದ್ದಕ್ಕಿದ್ದಂತೆ ಎದುರಿಗೆ ನುಗ್ಗಿತು. ಬ್ರೇಕ್ ಹಿಡಿದರು, ಉರುಳಿದರು, ಮೊಣಕೈ ಚೂರಾಯಿತು, ಶಸ್ತ್ರಚಿಕಿತ್ಸೆಯೂ ಆಯಿತು. ಇದು ಊರಿಗೆಲ್ಲ ಗೊತ್ತು. ಆದರೆ ಅವರು ಬಿದ್ದದ್ದರಿಂದಲೇ ಕಾನೂನು ಬಂತು ಅನ್ನೋದನ್ನು ನಾನು ಒಪ್ಪಲ್ಲ.

— ಒಪ್ಪದೆ ಇರೋಕೆ ಏನಿದೆ ಮಾರಾಯ? ಕುರ್ಚಿಯಲ್ಲಿರುವವರಿಗೆ ತಮ್ಮ ಮೂಳೆ ಮುರಿದಾಗಲೇ ಪರರ ಮೂಳೆ ಕಾಣೋದು. ಮೂವತ್ತು ವರ್ಷ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕೇಸು ನಡೆಸಿದ ವಕೀಲ ನಾನು. ಮೋಟಾರು ವಾಹನ ಕಾಯ್ದೆಯ ಕಲಂ 166ರ ಅರ್ಜಿ ಎಷ್ಟು ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಹಾಲಿನವನು, ಪೇಪರ್ ಹಾಕುವ ಹುಡುಗ, ಗಾರೆ ಕೆಲಸ ಮುಗಿಸಿ ಮನೆಗೆ ಹೊರಟವನು ಬಿದ್ದಾಗ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಮೇಯರ್ ಬಿದ್ದರೆ ಮುಖಪುಟ.

— ಮುಖಪುಟ ಬಂತು, ಸರಿ. ಆದರೆ ಆಮೇಲೆ ಅವರು ಮೊದಲು ಕೇಳಿದ್ದೇನು ಗೊತ್ತಾ? ಹೆಲ್ಮೆಟ್. ಕ್ಯಾಲಿಫೋರ್ನಿಯಾದಲ್ಲಿ ಹದಿನೆಂಟು ತುಂಬದವರಿಗೆ ಹೆಲ್ಮೆಟ್ ಮೊದಲಿಂದಲೂ ಕಡ್ಡಾಯ. ನನ್ನ ತಲೆ ಉಳಿಸಿದ್ದು ಹೆಲ್ಮೆಟ್, ಅದನ್ನು ದೊಡ್ಡವರಿಗೂ ಕಡ್ಡಾಯ ಮಾಡಬೇಕು ಅಂತ ಹೊರಟರು. ಸೈಕಲ್ ತುಳಿಯುವವರು ಕೆರಳಿದರು. ಎದುರಿಗೆ ನುಗ್ಗಿದ್ದು ಟ್ಯಾಕ್ಸಿ, ನಿಯಮ ನಮ್ಮ ತಲೆಗಾ ಅಂತ ಕೇಳಿದರು.

— ಸರಿಯಾಗೇ ಕೇಳಿದ್ದಾರೆ. ಹೆಲ್ಮೆಟ್ ಬೇಡ ಅಂತ ನಾನು ಹೇಳಲ್ಲ, ಮೊಮ್ಮಗನಿಗೆ ಕೊಡಿಸಿದ್ದೇನೆ. ಆದರೆ ಬಿದ್ದವನಿಗೆ ಬುದ್ಧಿ ಹೇಳೋದು ಸುಲಭ, ಬೀಳಿಸಿದವನಿಗೆ ಹೇಳೋಕೆ ಧೈರ್ಯ ಬೇಕು.

— ಆ ಧೈರ್ಯ ಎಲ್ಲಿಂದ ಬಂತು ಅನ್ನೋದೇ ನನ್ನ ಕಥೆ. ಮರುತಿಂಗಳು ಮೇಯರ್ ಸೈಕಲ್ ಸವಾರರನ್ನೆಲ್ಲ ಕರೆದು ಒಂದು ಸಭೆ ಮಾಡಿದರು. ಆ ಊರಲ್ಲಿ ಸೈಕಲ್ ತುಳಿಯೋದು ಒಂದು ಬಗೆಯ ಹಟ. ಫ್ರೀವೇಗಳ ಊರು ಅದು. ಅಲ್ಲಿ ಕಾರಿಲ್ಲದವನನ್ನು ಜನ ಒಂದೋ ಬಡವ, ಇಲ್ಲ ಹುಚ್ಚ ಅನ್ನುತ್ತಾರೆ. ಬೆಳಗ್ಗೆ ಐದಕ್ಕೆ ಹೋಟೆಲ್ ಅಡುಗೆಮನೆಗೆ ಸೈಕಲ್‌ನಲ್ಲಿ ಹೋಗುವ ಲ್ಯಾಟಿನೊ ಕೆಲಸಗಾರರು ಸಾವಿರಾರು ಜನ ಇದ್ದರೂ ಅವರನ್ನು ಸೈಕಲಿಸ್ಟ್ ಅಂತ ಯಾರೂ ಕರೆಯಲ್ಲ. ಸಂಘಟನೆಗಳು ಮೊದಲೇ ಇದ್ದವು. ಮಿಡ್‌ನೈಟ್ ರೈಡಾಸ್ ಅಂತ ನಡುರಾತ್ರಿ ಗುಂಪಾಗಿ ಸುತ್ತುವವರು ಇದ್ದರು, ಕೌಂಟಿಯ ಸೈಕಲ್ ಒಕ್ಕೂಟ ಇತ್ತು. ಇವರೆಲ್ಲ ಆಗಲೇ ‘ಗಿವ್ ಮಿ ತ್ರೀ’ ಅಂತ ಪೋಸ್ಟರ್ ತಯಾರಿಸಿದ್ದರು. ಹಿಂದಿನಿಂದ ಬಂದು ದಾಟುವ ಕಾರು ಸವಾರನಿಂದ ಮೂರು ಅಡಿ ದೂರ ಇರಲಿ, ಅಷ್ಟೇ ಅವರ ಬೇಡಿಕೆ.

— ವಾಮನ ಕೇಳಿದ್ದೂ ಮೂರೇ ಅಡಿ.

— ಕಾರಿನವರಿಗೂ ಅದೇ ಅಂಜಿಕೆ ಸರ್, ಮೂರು ಕೊಟ್ಟರೆ ಇಡೀ ರಸ್ತೆ ಹೋಗುತ್ತೆ ಅಂತ! ವಿಷಯ ಏನಂದರೆ, ಹೆಲ್ಮೆಟ್ ಹಿಡಿದು ಹೊರಟ ಮೇಯರ್ ಮೂರಡಿ ಹಿಡಿದುಕೊಂಡರು. ಮಸೂದೆಯನ್ನು ರಾಜ್ಯದ ಶಾಸನಸಭೆಗೆ ಕಳಿಸುವುದಕ್ಕೆ ನಗರವನ್ನೇ ಬೆನ್ನಿಗೆ ನಿಲ್ಲಿಸಿದರು.

— ತಾಳು. ಒಂದು ಪ್ರಶ್ನೆ. ಟ್ಯಾಕ್ಸಿ ಅವನನ್ನು ಹಿಂದಿನಿಂದ ದಾಟಿತಾ?

— ಇಲ್ಲ. ಮುಂದೆ ಅಡ್ಡ ಬಂತು.

— ಹಾಗಿದ್ದರೆ ಮೂರಡಿ ಕಾನೂನು ಇದ್ದಿದ್ದರೂ ಅವನ ಮೊಣಕೈ ಮುರೀತಿತ್ತು.

— ಮುರೀತಿತ್ತು. ಅದಕ್ಕೇ ಹೇಳಿದ್ದು, ಬಿದ್ದದ್ದರಿಂದ ಬಂದ ಕಾನೂನಲ್ಲ ಇದು. ತನ್ನ ಪೆಟ್ಟಿನಿಂದ ಆತ ಕಲಿತದ್ದು ಹೆಲ್ಮೆಟ್ ಮಾತ್ರ. ಮೂರಡಿಯನ್ನು ಹೇಳಿಕೊಟ್ಟವರು ಬೇರೆ. ತನ್ನ ಅಪಘಾತಕ್ಕೆ ಸಂಬಂಧವೇ ಇಲ್ಲದ ಕಾನೂನನ್ನು, ಬೇರೆಯವರ ಅಪಘಾತಕ್ಕಾಗಿ ಕೇಳಿದ ರಾಜಕಾರಣಿ ಅನ್ನೋ ಕಾರಣಕ್ಕೆ ನನಗೆ ಆತ ಮೆಚ್ಚುಗೆ. ಉಳಿದ ವಿಷಯಗಳಲ್ಲಿ ಆತನ ಬಗ್ಗೆ ನನಗೆ ಅಷ್ಟೇನೂ ಪ್ರೀತಿ ಇಲ್ಲ, ಅದು ಬೇರೆ.

— ಹ್ಮ್. ಇದು ನಾನು ಯೋಚಿಸಿರದ ಕೋನ. ಮುಂದೆ ಹೇಳು. ಮಸೂದೆ ಪಾಸಾಯಿತಾ?

— ಪಾಸಾಯಿತು. ರಾಜ್ಯಪಾಲರು ತಳ್ಳಿಹಾಕಿದರು. ನಮ್ಮ ರಾಜ್ಯಪಾಲರ ಹಾಗಲ್ಲ ಸರ್, ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸಿದವರು. ಜೆರ್ರಿ ಬ್ರೌನ್, ಡೆಮಾಕ್ರಟಿಕ್ ಪಕ್ಷದವರು, ಪರಿಸರದ ಮಾತು ಆಡುವವರು. 2011ರಲ್ಲಿ ವೀಟೊ, 2012ರಲ್ಲಿ ಇನ್ನೊಂದು ವೀಟೊ. ಎರಡೂ ಮಸೂದೆ ಅಲನ್ ಲೊವೆಂತಾಲ್ ಅನ್ನೋ ಸೆನೆಟರ್ ತಂದದ್ದು.

— ಕಾರಣ ಬರೆದಿರಬೇಕಲ್ಲ?

— ಬರೆದಿದ್ದರು. ಮೊದಲ ಮಸೂದೆಯಲ್ಲಿ, ಮೂರಡಿ ಬಿಡೋಕೆ ಆಗದಿದ್ದರೆ ಗಂಟೆಗೆ 15 ಮೈಲಿಗೆ ಇಳಿದು ದಾಟಬೇಕು ಅಂತ ಇತ್ತು. ನಮ್ಮ ಲೆಕ್ಕದಲ್ಲಿ 24 ಕಿಲೋಮೀಟರ್. ವೇಗದ ರಸ್ತೆಯಲ್ಲಿ ಒಬ್ಬ ದಿಢೀರನೆ ಹಾಗೆ ಇಳಿದರೆ ಹಿಂದಿನವನು ಬಂದು ಗುದ್ದುತ್ತಾನೆ, ವಾಹನ ದಟ್ಟಣೆಯೂ ಹೆಚ್ಚುತ್ತೆ ಅನ್ನೋದು ಬ್ರೌನ್ ಆಕ್ಷೇಪ. ಸರಿ ಅಂತ ಆ ಭಾಗ ತೆಗೆದರು. ಎರಡನೆಯದರಲ್ಲಿ, ಸೈಕಲ್ ದಾಟುವಾಗ ರಸ್ತೆ ನಡುವಿನ ಜೋಡಿ ಹಳದಿ ಗೆರೆಯನ್ನು ಸ್ವಲ್ಪ ದಾಟಬಹುದು ಅಂತ ಸೇರಿಸಿದ್ದರು. ಹಾಗೆ ದಾಟಿದವನು ಎದುರಿನಿಂದ ಬಂದ ಗಾಡಿಗೆ ಗುದ್ದಿದರೆ ರಾಜ್ಯದ ಮೇಲೆ ದಾವೆ ಬೀಳುತ್ತೆ ಅಂದರು ಬ್ರೌನ್.

— ಸೈಕಲ್‌ನವರು ಏನಾದರೂ ಅಂದುಕೊಳ್ಳಲಿ, ಆ ಮನುಷ್ಯ ವಕೀಲನ ಹಾಗೆ ಯೋಚಿಸಿದ್ದಾನೆ. 15 ಮೈಲಿ ಅಂತ ಅಂಕಿ ಬರೆದಿದ್ದರೆ ನಾನೇ ಆ ಕಲಮನ್ನು ಕೋರ್ಟಿನಲ್ಲಿ ಹರಿದು ಹಾಕುತ್ತಿದ್ದೆ. ಸವಾರನ ವೇಗ ಎಷ್ಟಿತ್ತು, ಇಳಿಜಾರು ಇತ್ತಾ, ಹಿಂದೆ ಲಾರಿ ಇತ್ತಾ... ಮೂರು ದಿನ ಪಾಟೀ ಸವಾಲು.

— ನಿಮ್ಮ ಹಾಗೆ ಯೋಚಿಸುವವರು ಅಲ್ಲೂ ಬಹಳ ಜನ. ಆದರೆ ಜೋಡಿ ಹಳದಿ ಗೆರೆಯ ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿದೆ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಗೆರೆ ದಾಟದೆ ಮೂರಡಿ ಬಿಡೋಕೆ ಆಗಲ್ಲ. ಚಾಲಕರು ಸೈಕಲ್‌ಗಾಗಿ ಗೆರೆ ದಾಟುವುದು ಹೊಸದೇನಲ್ಲ, ದಿನಾ ಮಾಡುತ್ತಾರೆ. ಕಾನೂನಿಗೆ ಭಯಪಡುವ ಒಬ್ಬ ಮಾತ್ರ ಗೆರೆ ದಾಟದೆ ಸವಾರನಿಗೆ ಒತ್ತಿಕೊಂಡು ಹೋಗುತ್ತಾನೆ!

— ಒತ್ತಿಕೊಂಡು ಯಾಕೆ ಹೋಗಬೇಕು? ಹಿಂದೆ ಕಾಯಲಿ.

— ಕಾಯಬೇಕು ನಿಜ. ನೀವು ಯಾವತ್ತಾದರೂ ಸೈಕಲ್ ಹಿಂದೆ ಕಾರಿನಲ್ಲಿ ಕಾದಿದ್ದೀರಾ?

— ...ಮುಂದೆ ಹೇಳು.

— 2013ರಲ್ಲಿ ಸ್ಟೀವನ್ ಬ್ರಾಡ್‌ಫರ್ಡ್ ಅನ್ನೋ ಶಾಸಕ ಮೂರನೇ ಮಸೂದೆ ತಂದರು. ವೇಗದ ಅಂಕಿ ಇಲ್ಲ, ಹಳದಿ ಗೆರೆಯ ಮಾತೂ ಇಲ್ಲ. ಮೂರಡಿ ಬಿಡಿ, ರಸ್ತೆ ಅಥವಾ ಸಂಚಾರದ ಸ್ಥಿತಿಯಿಂದ ಆಗದಿದ್ದರೆ ಸಮಂಜಸ ವೇಗಕ್ಕೆ ಇಳಿದು, ಸವಾರನಿಗೆ ಅಪಾಯ ಆಗದಿದ್ದಾಗ ಮಾತ್ರ ದಾಟಿ. ಬ್ರೌನ್ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದರು. ಜಾರಿಯಾದದ್ದು 2014ರ ಸೆಪ್ಟೆಂಬರ್ 16ಕ್ಕೆ. ಅಷ್ಟರಲ್ಲಿ ವಿಯರೈಗೋಸಾ ಕುರ್ಚಿ ಬಿಟ್ಟು ವರ್ಷದ ಮೇಲಾಗಿತ್ತು. ಎರಡು ಅವಧಿ ಮುಗಿಸಿ 2013ರ ನಡುವಿನಲ್ಲೇ ಇಳಿದಿದ್ದರು.

— ಅಮೆರಿಕಾದಲ್ಲಿ ಇದೇ ಮೊದಲಾ?

— ಅಯ್ಯೋ ಇಲ್ಲ. ವಿಸ್ಕಾನ್ಸಿನ್ 1973ರಲ್ಲೇ ಮಾಡಿತ್ತು. ಕಾರಿನ ರಾಜಧಾನಿ ಅನ್ನಿಸಿಕೊಂಡ ಕ್ಯಾಲಿಫೋರ್ನಿಯಾ ನಲವತ್ತು ವರ್ಷ ತಡ.

— ದಂಡ ಎಷ್ಟು?

— ಮೂಲ ದಂಡ 35 ಡಾಲರ್. ಗುದ್ದಿ ಗಾಯವಾದರೆ 220. ಅದರ ಮೇಲೆ ಕೋರ್ಟ್ ಶುಲ್ಕ, ಅದು ಇದು ಸೇರಿ ಬೆಳೆಯುತ್ತೆ.

— ಪೊಲೀಸ್ ರಸ್ತೆ ಬದಿ ನಿಂತು 35 ಡಾಲರ್‌ಗೆ ಟೇಪು ಹಿಡೀತಾನಾ? ಓಡುವ ಕಾರಿಗೂ ಓಡುವ ಸೈಕಲ್‌ಗೂ ನಡುವೆ ಮೂರಡಿ ಇತ್ತೋ ಎರಡೂವರೆ ಇತ್ತೋ ಯಾರು ಹೇಳಬೇಕು?

— ಎಲ್ಲರೂ ಕೇಳುವ ಪ್ರಶ್ನೆ. ಟೆನ್ನೆಸ್ಸೀಯ ಚಾಟನೂಗದ ಪೊಲೀಸರು ಸೈಕಲ್ ಹ್ಯಾಂಡಲ್‌ಗೆ ಶಬ್ದತರಂಗದಿಂದ ದೂರ ಅಳೆಯುವ ಯಂತ್ರ ಕಟ್ಟಿಕೊಂಡು ಓಡಾಡಿದ್ದರು. ಅದೆಲ್ಲ ಅಪರೂಪ. ಲಾಸ್ ಏಂಜಲೀಸ್‌ನಲ್ಲಿ ನಾನಿದ್ದ ವರ್ಷಗಳಲ್ಲಿ ಈ ಕಲಮಿನಡಿ ಚೀಟಿ ಹರಿದದ್ದನ್ನು ಕಣ್ಣಾರೆ ನೋಡಿಲ್ಲ. ಕಲ್ವರ್ ಸಿಟಿಯಿಂದ ಕೆಲಸಕ್ಕೆ ಹೋಗುವಾಗ ಬಸ್ಸಿನ ಕನ್ನಡಿ ಭುಜದ ಪಕ್ಕ ಸುಯ್ಯೆಂದು ಹೋದದ್ದು ಮಾತ್ರ ನೆನಪಿದೆ. ಹಾಗಂತ ಕಾನೂನು ವ್ಯರ್ಥ ಅಂತೀರಾ?

— ಇಲ್ಲ. ಇಲ್ಲಿಂದ ಮುಂದಕ್ಕೆ ನನ್ನ ವಿಷಯ, ನೀನು ಕೇಳು. ಹಳೇ ಕಾನೂನಿನಲ್ಲಿ ಏನಿತ್ತು?

— ಸುರಕ್ಷಿತ ಅಂತರದಲ್ಲಿ ದಾಟಬೇಕು ಅಂತ.

— ನಮ್ಮಲ್ಲಿ ಸೈಕಲ್ ಕೇಸು ಹೇಗೆ ನಡೆಯುತ್ತೆ ಗೊತ್ತಾ? ಪೊಲೀಸ್ ಬರುತ್ತಾನೆ, ಸ್ಥಳ ಮಹಜರು ಬರೆಯುತ್ತಾನೆ, ನಕ್ಷೆಯಲ್ಲಿ ಒಂದು ಗುಣಿಸು ಚಿಹ್ನೆ ಹಾಕುತ್ತಾನೆ. ಚಾರ್ಜ್‌ಶೀಟು ಚಾಲಕನ ಮೇಲೇ ಬೀಳುತ್ತೆ. ಆಮೇಲೆ ಪರಿಹಾರದ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲ ಎದ್ದು ನಿಲ್ಲುತ್ತಾನೆ. ಅವನ ಬಾಯಲ್ಲಿ ಒಂದೇ ವಾಕ್ಯ: ಸೈಕಲ್‌ನವನು ಹಿಂದೆ ನೋಡದೆ ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿದ. ಸತ್ತವನು ಎದ್ದು ಬಂದು ಇಲ್ಲ ಅನ್ನೋಕೆ ಆಗುತ್ತಾ? ಸೈಕಲ್ ಅಂದಮೇಲೆ ಅಲ್ಪಸ್ವಲ್ಪ ಅಲುಗಾಡುತ್ತೆ. ಗುಂಡಿ ಇದ್ದರೆ ತಪ್ಪಿಸುತ್ತೆ. ‘ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್’ ಅಂತ ಒಂದು ಪಾಲು ತಪ್ಪು ಸತ್ತವನ ತಲೆಗೆ. ಪರಿಹಾರದಲ್ಲಿ ಕಾಲು ಭಾಗ ಕಡಿತ. ವಿಧವೆಗೆ ಅದು ಮಗಳ ಓದಿನ ಖರ್ಚು.

— ಅಲ್ಲೂ ಅದೇ ಮಾತು ಸರ್. ಸವಾರ ವಾಲಿದ, ಕಾಣಲಿಲ್ಲ, ಎಲ್ಲಿಂದಲೋ ಬಂದ.

— ಬರಲಿ. ಈಗ ನಿನ್ನ ಮೂರಡಿ ತಾ. ಕಾನೂನು ‘ಸುರಕ್ಷಿತ ಅಂತರ’ ಅಂದಾಗ ವಾದ ನಡೆಯುವುದು ಸುರಕ್ಷಿತ ಅಂದರೆ ಎಷ್ಟು ಅಂತ. ಚಾಲಕ ಹೇಳುತ್ತಾನೆ, ನಾನು ಸಾಕಷ್ಟು ಬಿಟ್ಟಿದ್ದೆ, ಅವನೇ ಬಂದು ಬಿದ್ದ. ಅಂಕಿ ಬಂತು ಅಂದುಕೋ. ಮೂರಡಿ ಬಿಟ್ಟಿದ್ದರೆ ಸೈಕಲ್‌ನವನು ಒಂದಡಿ ವಾಲಿದರೂ ಕಾರು ತಾಗುತ್ತಿರಲಿಲ್ಲ. ತಾಗಿದೆ ಅಂದರೆ ಮೂರಡಿ ಇರಲಿಲ್ಲ ಅಂತ ಮೇಲ್ನೋಟಕ್ಕೇ ವಾದಿಸಬಹುದು. ಟೇಪು ಬೇಡ, ಗುದ್ದೇ ಟೇಪು!

— ಇದನ್ನೇ ನಾನು ಹೇಳಬೇಕು ಅಂತಿದ್ದೆ. ಅಲ್ಲಿನ ಸಾಕ್ಷ್ಯ ಸಂಹಿತೆಯಲ್ಲಿ ಒಂದು ಕಲಂ ಇದೆ. ಜನರ ರಕ್ಷಣೆಗೆಂದು ಮಾಡಿದ ಕಾನೂನನ್ನು ಮುರಿದು, ಆ ಕಾನೂನು ತಡೆಯಬೇಕಿದ್ದ ಹಾನಿಯನ್ನೇ ಮಾಡಿದರೆ, ನಿರ್ಲಕ್ಷ್ಯ ಅಂತ ಪೂರ್ವಭಾವನೆ ಮಾಡಬೇಕು. ಅಲ್ಲ ಅಂತ ಸಾಧಿಸುವ ಹೊರೆ ಚಾಲಕನದು.

— ಅಲ್ಲಿ ಹಂಚಿಕೆ ಹೇಗೆ? ಸವಾರನದ್ದೂ ಸ್ವಲ್ಪ ತಪ್ಪಿದ್ದರೆ?

— 1975ರಿಂದ ಶುದ್ಧ ಪ್ರಮಾಣದ ಹಂಚಿಕೆ. ಅದಕ್ಕಿಂತ ಮೊದಲು ಗಾಯಗೊಂಡವನದು ಕೂದಲೆಳೆಯಷ್ಟು ತಪ್ಪಿದ್ದರೂ ಒಂದು ಕಾಸೂ ಸಿಗುತ್ತಿರಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟು ಲೀ ವಿರುದ್ಧ ಯೆಲ್ಲೋ ಕ್ಯಾಬ್ ಪ್ರಕರಣದಲ್ಲಿ ಅದನ್ನು ಬದಲಿಸಿತು.

— ಅಲ್ಲೂ ಟ್ಯಾಕ್ಸಿಯಾ! ಆ ಊರಿನ ನ್ಯಾಯಶಾಸ್ತ್ರಕ್ಕೆ ಟ್ಯಾಕ್ಸಿಗಳ ಕೊಡುಗೆ ದೊಡ್ಡದು. ಅಂತೂ ನಿನ್ನ 35 ಡಾಲರ್ ದಂಡಕ್ಕೆ ನಾನು ಬೆಲೆ ಕೊಡಲ್ಲ. ಈ ಪೂರ್ವಭಾವನೆಗೆ ಕೊಡುತ್ತೇನೆ. ಸೈಕಲ್ ತುಳಿದು ಫೋಟೊ ತೆಗೆಸಿಕೊಳ್ಳುವ ರಾಜಕಾರಣಿಗಳು ನಮ್ಮಲ್ಲೂ ಇದ್ದಾರೆ, ಪೆಟ್ರೋಲ್ ದರ ಏರಿದ ವಾರ ನೋಡು. ಆ ಫೋಟೊ ವಿಧವೆಯ ಅರ್ಜಿಗೆ ಲಗತ್ತಿಸೋಕೆ ಬರಲ್ಲ. ಕಲಂ ಬರುತ್ತೆ.

— ಹಾಗಾದರೆ ನಿಮಗೆ ಇನ್ನೊಂದು ಹೇಳಬೇಕು. ರಾಜ್ಯದ ಮೊದಲ ಮಸೂದೆಗೆ ವೀಟೊ ಬೀಳುವ ಮೊದಲೇ, 2011ರ ಜುಲೈನಲ್ಲಿ, ಲಾಸ್ ಏಂಜಲೀಸ್ ನಗರಸಭೆ ಒಂದು ಸುಗ್ರೀವಾಜ್ಞೆ... ಅಲ್ಲ, ನಗರದ ಕಟ್ಟಳೆ ಮಾಡಿತು. ಹಿಂದೆ ನಿಂತವರು ಬಿಲ್ ರೋಸೆಂಡಾಲ್, ಸಾರಿಗೆ ಸಮಿತಿಯ ಅಧ್ಯಕ್ಷರು. ನನ್ನ ಲೆಕ್ಕದಲ್ಲಿ ಮೇಯರ್‌ಗಿಂತ ದೊಡ್ಡ ಕೆಲಸ ಅವರದು, ಆದರೆ ಹೆಸರು ಯಾರಿಗೂ ನೆನಪಿಲ್ಲ. ಸೈಕಲ್ ಸವಾರನನ್ನು ಬೆದರಿಸಿದರೆ, ವಸ್ತು ಎಸೆದರೆ, ಬೇಕೆಂದೇ ರಸ್ತೆಯಿಂದ ತಳ್ಳಿದರೆ ಸವಾರ ಸ್ವತಃ ಸಿವಿಲ್ ದಾವೆ ಹೂಡಬಹುದು. ಆದ ನಷ್ಟದ ಮೂರು ಪಟ್ಟು ಅಥವಾ 1,000 ಡಾಲರ್, ಯಾವುದು ಹೆಚ್ಚೋ ಅದು. ಜೊತೆಗೆ ವಕೀಲರ ಶುಲ್ಕ.

— ವಕೀಲರ ಶುಲ್ಕವಾ! ಇದನ್ನು ಬರೆದವನಿಗೆ ಕೋರ್ಟು ಗೊತ್ತು. ಸಣ್ಣ ನಷ್ಟಕ್ಕೆ ಯಾವ ವಕೀಲನೂ ವಕಾಲತ್ತು ಹಾಕಲ್ಲ. ಶುಲ್ಕ ಎದುರಾಳಿಯಿಂದ ಬರುತ್ತೆ ಅಂದರೆ ಹಾಕುತ್ತಾನೆ. ಆದರೆ ಬೆದರಿಸುವುದು ಅಪರಾಧವೇ ಅಲ್ವಾ, ಪೊಲೀಸ್ ನೋಡಿಕೊಳ್ಳಬೇಕು.

— ಪೊಲೀಸರು ನೋಡಿಕೊಳ್ಳಬೇಕಾದರೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕು. ಅಲ್ಲಿ ಒಂದು ಪ್ರಸಿದ್ಧ ಪ್ರಕರಣ ಇದೆ. 2008ರ ಜುಲೈ 4, ಅವರ ಸ್ವಾತಂತ್ರ್ಯ ದಿನ. ಮ್ಯಾಂಡೆವಿಲ್ ಕ್ಯಾನ್ಯನ್ ಅನ್ನೋ ಬೆಟ್ಟದ ಇಳಿಜಾರು ರಸ್ತೆ. ಒಬ್ಬ ವೈದ್ಯ ಇಬ್ಬರು ಸವಾರರನ್ನು ದಾಟಿ ಮುಂದೆ ಬಂದು, ಅವರೆದುರಿಗೇ ಜೋರಾಗಿ ಬ್ರೇಕ್ ಒತ್ತಿದ. ಒಬ್ಬ ಕಾರಿನ ಹಿಂಗಾಜಿಗೆ ಮುಖಕೊಟ್ಟು ಬಿದ್ದ. ವೈದ್ಯನಿಗೆ ಐದು ವರ್ಷ ಜೈಲಾಯಿತು. ಯಾಕೆ ಆಯಿತು? ಪಾಠ ಕಲಿಸೋಕೆ ಹಾಗೆ ಮಾಡಿದೆ ಅಂತ ಆತ ತನ್ನೆದುರೇ ಹೇಳಿಕೊಂಡ ಅಂತ ಪೊಲೀಸ್ ಅಧಿಕಾರಿ ಸಾಕ್ಷಿ ನುಡಿದರು.

— ಬಾಯಿಬಿಟ್ಟು ಕೆಟ್ಟ. ನೂರರಲ್ಲಿ ತೊಂಬತ್ತೊಂಬತ್ತು ಜನ ಹಾಗೆ ಹೇಳಿಕೊಳ್ಳಲ್ಲ.

— ಆ ತೊಂಬತ್ತೊಂಬತ್ತಕ್ಕಾಗಿ ಸಿವಿಲ್ ದಾವೆ. ಅಲ್ಲಿ ಸಂಭವನೀಯತೆ ಯಾರ ಕಡೆ ಹೆಚ್ಚು ಅನ್ನುವಷ್ಟು ಪುರಾವೆ ಸಾಕು.

— ಸರಿ. ಕಾಗದದ ಮೇಲೆ ನಿನ್ನ ಊರು ಗೆದ್ದಿತು. ರಸ್ತೆ? ಮೂರಡಿ ಬಿಡೋಕೆ ಜಾಗ ಬೇಡವಾ? ನಮ್ಮ ಸರ್ಕಾರ 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ಒಳ್ಳೆಯ ಕೆಲಸ, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದರು, ನಾನು ಅದರ ವಿರುದ್ಧ ಒಂದು ಮಾತೂ ಆಡಲ್ಲ. ಆದರೆ ಆ ಮಗು ಹೆದ್ದಾರಿ ಅಂಚಿನ ಮಣ್ಣಿನಲ್ಲಿ ಲಾರಿ ಬಂದಾಗಲೆಲ್ಲ ಇಳಿದು ನಿಲ್ಲಬೇಕು. ಸೈಕಲ್ ಕೊಡುವುದು ಒಂದು ಟೆಂಡರ್. ಜಾಗ ಕೊಡಬೇಕಾದರೆ ಯಾರಿಂದಲೋ ಕಿತ್ತುಕೊಳ್ಳಬೇಕು.

— ಅಲ್ಲೂ ಕಿತ್ತುಕೊಳ್ಳುವಾಗಲೇ ಜಗಳ. ವಿಯರೈಗೋಸಾ ಕಾಲದಲ್ಲಿ, 2011ರ ಮಾರ್ಚ್‌ನಲ್ಲಿ, ದೊಡ್ಡ ಸೈಕಲ್ ಯೋಜನೆ ಅಂಗೀಕಾರವಾಯಿತು. 1,680 ಮೈಲಿ ಜಾಲ. ಅದೇ ವರ್ಷ ಡೌನ್‌ಟೌನ್‌ನ ಸ್ಪ್ರಿಂಗ್ ಸ್ಟ್ರೀಟ್‌ನಲ್ಲಿ ಒಂದೂವರೆ ಮೈಲಿ ಸೈಕಲ್ ಪಥಕ್ಕೆ ಗಿಳಿಹಸಿರು ಬಣ್ಣ ಬಳಿದರು. ಯಾರು ವಿರೋಧಿಸಿದರು ಹೇಳಿ?

— ಅಂಗಡಿಯವರು. ಪಾರ್ಕಿಂಗ್ ಹೋಯಿತು ಅಂತ.

— ಸಿನಿಮಾದವರು! ಆ ಬೀದಿ ಪರದೆ ಮೇಲೆ ನ್ಯೂಯಾರ್ಕ್ ಆಗುತ್ತೆ, ಷಿಕಾಗೊ ಆಗುತ್ತೆ, ಹಳೇ ಕಾಲದ ಯಾವುದೋ ಊರಾಗುತ್ತೆ. ಹಸಿರು ಪಟ್ಟೆ ಬಂದಮೇಲೆ ಏನೂ ಆಗಲ್ಲ, ನಟರ ಮುಖದ ಮೇಲೂ ಹಸಿರು ಬಡಿಯುತ್ತೆ ಅಂದರು. ಎರಡು ವರ್ಷ ಎಳೆದಾಟ. ಕೊನೆಗೆ ಬಣ್ಣ ಗಾಢ ಮಾಡಿ, ಬಳಿಯುವ ಜಾಗ ಕಡಿಮೆ ಮಾಡಿ ರಾಜಿಯಾದರು.

— ನಮ್ಮ ಗಾಂಧಿನಗರದ ಸಿನಿಮಾದವರಿಗೆ ಇದು ತಿಳಿಯದೇ ಇರಲಿ. ಮತ್ತೆ ಆ 1,680 ಮೈಲಿ?

— ಅದನ್ನೇ ನುಂಗಿಕೊಳ್ಳೋಕೆ ಕಷ್ಟ. ಮೇಯರ್ ಹೋದರು, ಯೋಜನೆಯ ಹೆಸರು ಬದಲಾಯಿತು. 2015ರಲ್ಲಿ ‘ಮೊಬಿಲಿಟಿ ಪ್ಲ್ಯಾನ್ 2035’ ಅಂತ ಹೊಸ ದಾಖಲೆ. ಅದರಲ್ಲೂ ಸೈಕಲ್ ಪಥ, ಬಸ್ ಪಥ, ಅಗಲ ಕಾಲುದಾರಿ, ಎಲ್ಲ ಚೆನ್ನಾಗಿ ಚಿತ್ರಿಸಿದ್ದರು. ರಸ್ತೆಗೆ ಡಾಂಬರು ಹಾಕುವಾಗ ಇಂಜಿನಿಯರುಗಳು ಹಳೇ ಗೆರೆಯನ್ನೇ ಮತ್ತೆ ಎಳೆದು ಹೋಗುತ್ತಿದ್ದರು. ಆ ವಾರ್ಡಿನ ಸದಸ್ಯನಿಗೆ ಇಷ್ಟವಿಲ್ಲ ಅಂದರೆ ಮುಗಿಯಿತು.

— ಇದು ನನಗೆ ಪರಿಚಯದ ಊರೇ.

— ಇರಿ ಸರ್. 2022ರಲ್ಲಿ ಲಾರಾ ಫ್ರೀಡ್ಮನ್ ಅನ್ನೋ ಶಾಸಕಿ ರಾಜ್ಯ ಕಾನೂನನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. 2023ರ ಜನವರಿಯಿಂದ, ಪಕ್ಕದ ಪಥ ಖಾಲಿಯಿದ್ದರೆ ಕಾರು ಪೂರ್ತಿ ಪಥ ಬದಲಿಸಿಯೇ ಸೈಕಲ್ ದಾಟಬೇಕು. ಅದನ್ನು ದೂರದಿಂದಲೇ ನೋಡಬಹುದು, ಅಳೆಯುವ ಪ್ರಶ್ನೆಯೇ ಇಲ್ಲ. ರಸ್ತೆಯ ವಿಷಯಕ್ಕೆ ಬಂದರೆ, ನಾಗರಿಕರೇ ಸಹಿ ಸಂಗ್ರಹಿಸಿ 2024ರ ಮಾರ್ಚ್ ಚುನಾವಣೆಯಲ್ಲಿ ಒಂದು ಪ್ರಸ್ತಾವ ಮತಕ್ಕಿಟ್ಟರು. ‘ಮೆಷರ್ ಎಚ್‌ಎಲ್‌ಎ’ ಅಂತ ಅದರ ಹೆಸರು. ನಗರ ಯಾವುದೇ ಬೀದಿಯಲ್ಲಿ ಕನಿಷ್ಠ 660 ಅಡಿ ಉದ್ದಕ್ಕೆ ರಸ್ತೆ ಸುಧಾರಣೆ ಕೈಗೊಂಡರೆ, ತನ್ನದೇ ಯೋಜನೆಯಲ್ಲಿ ಆ ಬೀದಿಗೆ ಏನು ಬರೆದಿದೆಯೋ ಅದನ್ನು ಅಲ್ಲೇ ಮಾಡಿ ಮುಗಿಸಬೇಕು. ಭಾರಿ ಬಹುಮತದಿಂದ ಗೆದ್ದಿತು.

— ತಾನೇ ಬರೆದ ಯೋಜನೆಯನ್ನು ತಾನು ಪಾಲಿಸು ಅಂತ ನಗರಕ್ಕೆ ಜನ ಕಾನೂನು ಮಾಡಿದರಾ? ಮಾಡದಿದ್ದರೆ?

— ಯಾವ ನಿವಾಸಿ ಬೇಕಾದರೂ ನಗರದ ಮೇಲೆ ದಾವೆ ಹೂಡಬಹುದು.

— ಯಾರು ಬೇಕಾದರೂ? ಬಿದ್ದಿರಬೇಕಾಗಿಲ್ಲವಾ? ಕೈಕಾಲು ಮುರಿದಿರಬೇಕಾಗಿಲ್ಲವಾ?

— ಏನೂ ಬೇಡ. ಆ ಊರಿನವರಾಗಿದ್ದರೆ ಸಾಕು.

— ಬ್ರೌನ್ ದಾವೆಗೆ ಹೆದರಿ ವೀಟೊ ಹಾಕಿದ ಅಂದೆ. ಇಲ್ಲಿ ಜನ ದಾವೆಯನ್ನೇ ಕಾನೂನಿನೊಳಗೆ ಬರೆದುಕೊಂಡಿದ್ದಾರೆ. ಬೈದುಕೊಂಡಾರು ಆ ಊರಿನ ಇಂಜಿನಿಯರುಗಳು, ಖರ್ಚೂ ಬಂದೀತು. ಮೂರಡಿ ಕಲಮನ್ನೂ, ಈ ಎಚ್‌ಎಲ್‌ಎ ಪಠ್ಯವನ್ನೂ ನನಗೆ ಕಳಿಸು. ಮೇಯರ್ ಸಂದರ್ಶನ ಬೇಡ. ದಾವೆ ಹೂಡುವ ಮೊದಲು ನಗರಕ್ಕೆ ನೋಟಿಸ್ ಎಷ್ಟು ದಿನ ಅಂತ ಬರೆದಿದ್ದಾರೋ ನೋಡಬೇಕು, ಇಂಥ ಕಾನೂನು ಸಾಮಾನ್ಯವಾಗಿ ಸಾಯುವುದು ಆ ಜಾಗದಲ್ಲಿ.